ಯಾವ ಮನೆಯ ಮುನ್ನೂರ ಹನ್ನೆರಡು?

ಸುವಾ ಬಂದರಿನ ಎದುರಿಗಿರುವ ನಮ್ಮ ಹಡಗು ಕಂಪನಿಯ ಕಂಪ್ಯೂಟರ್ ಕೋಣೆಗೆ ವಸಿತಿಯೇ ದೊಡ್ಡವಳು. ಹೊಸಬರು ಯಾರೇ ಬರಲಿ, ಹೆಸರಿಗೂ ಮೊದಲು ಯಾವ ದ್ವೀಪ, ಯಾವ ಹಳ್ಳಿ, ಯಾವ ಕುಲ, ಯಾರ ಮನೆ ಎಂದು ವಿಚಾರಿಸುತ್ತಾಳೆ. ಫಿಜಿಯಲ್ಲಿ ಎಲ್ಲರೂ ವಿಚಾರಿಸುತ್ತಾರೆ, ಬಿಡಿ. ಇವಳು ಕಂಪ್ಯೂಟರಿನ ಹತ್ತಿರವೂ ಅದನ್ನೇ ವಿಚಾರಿಸುತ್ತಾಳೆಂದು ನಾವು ನಗುತ್ತಿದ್ದೆವು.

ನಗುವುದಕ್ಕೇನು ಖರ್ಚು? ನಮ್ಮ ದೊಡ್ಡ ಯಂತ್ರದೊಳಗೆ ಒಂದೊಂದು ಶಾಖೆಗೆ ಒಂದೊಂದು ಕಂಟೇನರ್, ಅಂದರೆ ಪ್ರೋಗ್ರಾಮುಗಳು ಇರುವ ಬೇರೆ ಮನೆ, ಅದರೊಳಗೆ ಮತ್ತೊಂದು. ಓಡುವ ಪ್ರತಿಯೊಂದು ಪ್ರೋಗ್ರಾಮಿಗೂ ಒಳಗೊಂದು ನಂಬರು, ಹೊರಗೊಂದು ನಂಬರು. ಒಳಗೆ ಒಂದನೆಯವನೆಂದು ಮೆರೆಯುವವನನ್ನು ಹೊರಗೆ ಕೇಳುವವರೇ ಇಲ್ಲ. ಯಾರು ಯಾರೆಂಬುದು ಪೂರ್ತಿ ಗೊತ್ತಿರುವುದು ಎಲ್ಲರನ್ನೂ ಓಡಿಸುವ ಕರ್ನಲ್ ಎಂಬ ಮೂಲ ಪ್ರೋಗ್ರಾಮಿಗೆ ಮಾತ್ರ.

ಚಂಡಮಾರುತ ದಿಕ್ಕು ಬದಲಿಸಿದ ಮಧ್ಯಾಹ್ನ, ಲಾವು ದ್ವೀಪಗಳಿಂದ ಹೊರಟಿದ್ದ ನಮ್ಮ ಹಡಗಿಗೆ ಎಚ್ಚರಿಕೆಯೇ ಹೋಗುತ್ತಿರಲಿಲ್ಲ. ಹಡಗಿನಲ್ಲಿ ಸೆಮಿಸಿಯ ತಾಯಿ ಇದ್ದರು. ಸೆಮಿಸಿ ವಸಿತಿಯ ಪಕ್ಕದ ಮೇಜಿನವನು. ಇಬ್ಬರ ಊರುಗಳದು ತೌವು ಸಂಬಂಧ. ಒಬ್ಬರನ್ನೊಬ್ಬರು ಎಷ್ಟು ಬೈದರೂ ಕೋಪ ಮಾಡಿಕೊಳ್ಳುವಂತಿಲ್ಲ.

ಅಷ್ಟರಲ್ಲಿ ಲೆವುಕಾ ಶಾಖೆಯಿಂದ ಫೋನು ಬಂತು. "ನಮ್ಮ ಮುನ್ನೂರ ಹನ್ನೆರಡು ಹುಚ್ಚೆದ್ದು ಮೆಮರಿ ಎಲ್ಲ ನುಂಗ್ತಿದೆ. ಇಲ್ಲಿಂದ ಏನೂ ಮಾಡಕ್ಕಾಗ್ತಿಲ್ಲ, ನೀವೇ ಕೊಂದ್ಹಾಕಿ."

ಸೆಮಿಸಿ ತಕ್ಷಣ ಕಂಟೇನರಿನ ಹೊರಗೆ, ದೊಡ್ಡ ಯಂತ್ರದಲ್ಲೇ ಪ್ರೋಗ್ರಾಮನ್ನು ಕೊಲ್ಲುವ, ಅಂದರೆ ನಿಲ್ಲಿಸುವ, ಆಜ್ಞೆ ಟೈಪು ಮಾಡಿ 312 ಎಂದು ಹಾಕಿದ. ಕೀಲಿ ಒತ್ತುವುದೊಂದೇ ಬಾಕಿ.

"ಕೈ ತೆಗಿಯೋ, ಮೀನು ಕದಿಯೋ ಊರಿನವನೇ!" ವಸಿತಿ ಅವನ ಮಣಿಕಟ್ಟು ಹಿಡಿದಳು. "ಯಾವ ಮನೆ ಮುನ್ನೂರ ಹನ್ನೆರಡು?"

"ಹಡಗಲ್ಲಿ ನಮ್ಮಮ್ಮ ಇದಾಳೆ ಕಣೆ! ಈಗ ವಂಶಾವಳಿ ಬೇಕಾ ನಿಂಗೆ?"

"ಬೇಕು. ಹೊರಗಿನ ಮುನ್ನೂರ ಹನ್ನೆರಡು ಯಾರು, ನೋಡು."

ಅವನು ನೋಡಿದ. ಹಡಗಿಗೆ ಎಚ್ಚರಿಕೆ ಕಳಿಸುವ ಪ್ರೋಗ್ರಾಮೇ ಅದು. ಮೆಮರಿ ಸಿಗದೆ ಒದ್ದಾಡುತ್ತಿತ್ತು, ಆದರೆ ಬದುಕಿತ್ತು. ಸೆಮಿಸಿ ತಾನು ಟೈಪು ಮಾಡಿದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದ.

ವಸಿತಿ ಕರ್ನಲ್ ಇಟ್ಟಿರುವ ವಿವರ ತೆರೆದಳು. ಅಲ್ಲಿ ಪ್ರತಿ ಪ್ರೋಗ್ರಾಮಿನ ನಂಬರುಗಳು ಹೊರಗಿನಿಂದ ಒಳಕ್ಕೆ ಸಾಲಾಗಿರುತ್ತವೆ. ಕೊನೆಯಲ್ಲಿ 312 ಇರುವವನನ್ನು ಹುಡುಕಿದರೆ, ಹೊರಗಿನವನನ್ನು ಬಿಟ್ಟೂ ಇಬ್ಬರು ಸಿಕ್ಕರು! ಒಬ್ಬ ಲೆವುಕಾದವನು, ಇನ್ನೊಬ್ಬ ಸವುಸವು ಶಾಖೆಯವನು ಇರಬೇಕು. ಆದರೆ ಬರೀ ನಂಬರು ನೋಡಿದರೆ ಯಾರು ಯಾವ ಶಾಖೆಯವನೆಂದು ಗೊತ್ತಾಗುವಂತಿರಲಿಲ್ಲ.

"ಎರಡನ್ನೂ ಕೊಂದ್ಬಿಡೆ," ಎಂದ ಸೆಮಿಸಿ.

"ಸವುಸವುದವನು ಅಲ್ಲಿನ ದೋಣಿಗಳ ಜೊತೆ ಮಾತಾಡ್ತಿದಾನೆ. ಆ ದೋಣೀಲಿರೋರಿಗೆ ಅಮ್ಮಂದಿರಿಲ್ವಾ? ಸ್ವಲ್ಪ ತಡಿ."

ಕರ್ನಲ್ ಪ್ರತಿ ಕಂಟೇನರಿಗೂ ತನ್ನದೇ ಒಂದು ಗುರುತು ಕೊಟ್ಟಿರುತ್ತದೆ. ಲೆವುಕಾದ ಗುರುತನ್ನು ಇಬ್ಬರ ಗುರುತಿಗೂ ತಾಳೆ ಹಾಕಿ, ಹೊಂದಿದವನ ಹೊರಗಿನ ನಂಬರನ್ನು ಟೈಪು ಮಾಡಿ ಒತ್ತಿದಳು. ಯಂತ್ರ ಉಸಿರಾಡಿತು. ತಡೆದು ನಿಂತಿದ್ದ ಎಚ್ಚರಿಕೆಗಳೆಲ್ಲ ಒಮ್ಮೆಗೇ ಹೊರಟವು.

ಉತ್ತರಕ್ಕೆ ಕಾದ ಆ ಹೊತ್ತನ್ನು ನಾನು ಯಾರಿಗೂ ಬಯಸುವುದಿಲ್ಲ. ಕೊನೆಗೆ ಕ್ಯಾಪ್ಟನ್ ರೇಡಿಯೋದಲ್ಲಿ ಹೇಳಿದರು: "ಎಚ್ಚರಿಕೆ ಬಂತು. ಮೊಆಲಾ ದ್ವೀಪದ ಕೊಲ್ಲಿಗೆ ತಿರುಗಿಸಿದೀವಿ."

ಗಾಳಿ ಇಳಿದ ಮೇಲೆ ಹಡಗು ಸುವಾಕ್ಕೆ ಬಂತು. ಸೆಮಿಸಿಯ ತಾಯಿ ಕೆಸುವಿನ ಗೆಡ್ಡೆಯ ಬುಟ್ಟಿ ಹಿಡಿದು, ವಾಂತಿ ಮಾಡಿಸಿದ ಅಲೆಗಳನ್ನು ಬೈಯುತ್ತಾ ಇಳಿದರು. ಸೆಮಿಸಿ ಬುಟ್ಟಿಯನ್ನು ಇಸಿದುಕೊಳ್ಳಲಿಲ್ಲ, ತಾಯಿಯ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡ.

"ಬಿಡೋ, ನೋಯ್ತದೆ," ಎಂದರು ಅವರು. "ನಾನೆಲ್ಲಿ ಹೋಗ್ತೀನಿ?"