ಅಳಿಸಿದ ಅಲೆಗಳು

ಮಣಿಪಾಲದಲ್ಲಿ ನನಗೆ ಅಲೆಗಳ ಸಂಶೋಧನೆ ಕಲಿಸಿದ ಪ್ರೊಫೆಸರರು ಹೊಸಬರಿಗೆ ಮೊದಲ ತಿಂಗಳು ಕಂಪ್ಯೂಟರ್ ಮುಟ್ಟಲು ಬಿಡುತ್ತಿರಲಿಲ್ಲ. ದಿನಾ ಬಸ್ಸಿನಲ್ಲಿ ಕಾಪುವಿನ ಕಡಲತೀರಕ್ಕೆ ಹೋಗಿ, ಬಂಡೆಯ ಮೇಲೆ ಕೂತು, ನೀರಿನಲ್ಲಿ ನೆಟ್ಟ ಅಳತೆಕೋಲು ನೋಡಿ ಒಂದೊಂದು ಅಲೆಯ ಎತ್ತರವನ್ನೂ ಬರೆಯಬೇಕಿತ್ತು. "ಕಂಡದ್ದನ್ನು ಬರಿ ಮಾರಾಯ, ಅಷ್ಟೇ" ಎನ್ನುತ್ತಿದ್ದರು. ಕಡಲಲ್ಲಿ ತೇಲುತ್ತಾ, ವಿದ್ಯುತ್ ತಯಾರಿಸುವ ಗಾಳಿಯಂತ್ರ ಹೊರುವ ವೇದಿಕೆಯೊಂದನ್ನು ಅವರು ರೂಪಿಸುತ್ತಿದ್ದರು; ಅದರ ವಿನ್ಯಾಸಕ್ಕೆ ಆ ಅಂಕಿಗಳೇ ಆಧಾರ.

ಅಲೆಯ ಎತ್ತರ ಲೆಕ್ಕಹಾಕಲು ಅವರೇ ಕಟ್ಟಿದ ಸೂತ್ರವೊಂದು ಅವರ ಕೋಣೆಯ ಕಪ್ಪುಹಲಗೆಯಲ್ಲಿತ್ತು; ಒಮ್ಮೆ ನನ್ನ ಅಂಕಿಗಳು ಅದಕ್ಕೆ ಹೊಂದಲಿಲ್ಲ. ಹೆದರಿ ಐದು ದೊಡ್ಡ ಅಲೆಗಳ ಅಂಕಿ ಅಳಿಸಿ, ತಗ್ಗಿಸಿ ಬರೆದೆ. ಪುಸ್ತಕ ಕೊಟ್ಟಾಗ, ನಾನು ರಬ್ಬರ್ ಉಜ್ಜಿದ ಜಾಗದ ಮೇಲೆ ಅವರು ಹೆಬ್ಬೆರಳು ಆಡಿಸಿದರು.

"ಎಂತ ಮಾರಾಯ, ಕಡಲು ನನ್ನ ಸೂತ್ರ ಓದಿಕೊಂಡು ಬರ್ತದಾ?"

ನಿಜವಾದ ಅಂಕಿಗಳನ್ನು ಹೇಳಿದೆ. ಅವರು ಬರೆದುಕೊಂಡರು.

ಮರುದಿನ ಕಪ್ಪುಹಲಗೆಯಲ್ಲಿ ಅವರ ಸೂತ್ರ ಇರಲಿಲ್ಲ. ಆ ಜಾಗದಲ್ಲಿ ನನ್ನ ಐದು ಅಲೆಗಳಿದ್ದವು.