ಅಡ್ಡ ಮಂಚದ ಗಾಡಿ

ಗಾಡಿ ಈಗ ಕೊಪ್ಪಳದ ಮನೆಯ ಮುಂದೆ ಬೇವಿನ ಗಿಡದ ಕೆಳಗೆ ನಿಂತಿದೆ. ಒಳಗೆ ಒಲೆ, ನೀರಿನ ಟಾಕಿ, ಬಟ್ಟೆಯ ಕಪಾಟು, ಮುಂದೆ ದೇವರ ಗೂಡು, ಹಿಂದೆ ಮಂಚ. ನಮ್ಮ ಮನೆಯವರು ಬಸ್ಸಿನ ಡ್ರೈವರ್ ಆಗಿದ್ದರು. ನಿವೃತ್ತರಾದ ಮೇಲೆ ಮನೆಯನ್ನು ಬಾಡಿಗೆಗೆ ಕೊಟ್ಟು, ಹಿತ್ತಲ ಕಡೆಯ ಒಂದು ಕೋಣೆಯನ್ನಷ್ಟೇ ಉಳಿಸಿಕೊಂಡು, ಇಬ್ಬರೂ ಈ ಗಾಡಿಯಲ್ಲೇ ಬದುಕಿದೆವು. ಅವರು ತೀರಿಕೊಂಡ ಮೇಲೆ ಇದು ಮೊದಲ ಬೇಸಿಗೆ. ಗಾಡಿಯನ್ನು ಮಾರುವುದೆಂದು ಹೇಳಿದ್ದೇನೆ.

ಗಂಗಾವತಿಯಲ್ಲಿ ಹಳೆಯ ಗಾಡಿಗಳಿಗೆ ಹೊಸದಾಗಿ ಬಾಡಿ ಕಟ್ಟಿಕೊಡುವ ಮಿಸ್ತ್ರಿಯೊಬ್ಬರಿದ್ದಾರೆ. ನಾವು ಹೋದ ದಿನ ಅವರ ಶೆಡ್ಡಿನಲ್ಲಿ ಎರಡು ಗಾಡಿ ಇದ್ದವು. ಒಂದು ಶಾಲೆಯ ಹಳೆಯ ಬಸ್ಸು, ಇನ್ನೊಂದು ಅದಕ್ಕಿಂತ ಬಹಳ ಗಿಡ್ಡನೆಯ ಟೆಂಪೊ. ಮನೆಯವರು ಬಸ್ಸನ್ನು ಒಂದು ಸುತ್ತು ಹಾಕಿ ಬಂದು ಅದರ ಮೈಮೇಲೆ ಕೈಯಿಟ್ಟು ನಿಂತರು.

"ಇದರಾಗ ಮಂಚ ಉದ್ದಕ ಹಾಕಬಹುದು," ಅಂದರು. "ಇಷ್ಟು ವರ್ಷ ಕಾಲ ಮಡಚಿ ಕುಂತೇನಿ. ಇನ್ನ ಮ್ಯಾಲರ ಚಾಚಿ ಮಲಗತೀನಿ."

ಅವರು ಆರಡಿ ಆಳು. ಟೆಂಪೊದಲ್ಲಿ ಮಂಚವನ್ನು ಅಡ್ಡಲಾಗಿಯೇ ಹಾಕಬೇಕು. ಗಾಡಿಯ ಅಗಲ ಅವರ ಉದ್ದಕ್ಕೆ ಸಾಲುತ್ತಿರಲಿಲ್ಲ.

ಆದರೆ ನನಗೆ ಹನುಮನಹಳ್ಳಿಯ ಜಾಗದ ಚಿಂತೆ. ನಾವು ಹೆಚ್ಚು ದಿನ ಇರಬೇಕೆಂದುಕೊಂಡಿದ್ದು ಅಲ್ಲಿಯ ಒಂದು ಹೊಲದಲ್ಲಿ. ಗಾಡಿ ತಂದು ಇಳಿದುಕೊಳ್ಳುವವರಿಗೆ ಅದರ ಮಾಲೀಕರು ಬಂಡೆಗಳ ನಡುವೆ ಜಾಗ ಮಾಡಿಕೊಟ್ಟಿದ್ದಾರೆ. ಅಲ್ಲಿ ಗಾಡಿಯ ಮೂತಿ ಗುಡ್ಡದ ಕಡೆಗೆ, ಅಂದರೆ ಉತ್ತರಕ್ಕೆ ನಿಲ್ಲುತ್ತದೆ. ಮಂಚ ಉದ್ದಕ್ಕಿದ್ದರೆ ಒಂದೋ ತಲೆ ಉತ್ತರಕ್ಕಾಗುತ್ತದೆ, ಇಲ್ಲವೇ ಕಾಲು ದೇವರ ಗೂಡಿನ ಕಡೆಗಾಗುತ್ತದೆ. ಎರಡೂ ನನಗೆ ಬೇಡವಾಗಿತ್ತು. ಅಡ್ಡ ಮಂಚವಾದರೆ ತಲೆ ಪೂರ್ವಕ್ಕೆ ಬರುತ್ತದೆ.

ಇದನ್ನು ಹೇಳಿದಾಗ ಅವರು ಕೊರಳಲ್ಲಿದ್ದ ಲಿಂಗ ಮುಟ್ಟಿ ತೋರಿಸಿದರು. "ನನ್ನ ದೇವರು ಇಲ್ಲೇ ಎದಿ ಮ್ಯಾಲೆ ಅದಾನ. ಕಾಲು ಯಾಕಡಿ ಚಾಚಿದ್ರೂ ಅವಗ ಹತ್ತಂಗಿಲ್ಲ."

ಮಿಸ್ತ್ರಿ ನಕ್ಕರು. "ಅಕ್ಕಾರ, ಸಾಹೇಬರ ಮಾತು ಖರೆ ಐತ್ರಿ."

"ನೀವು ಸುಮ್ನಿರ್ರಿ. ಅಲ್ಲಿ ಮಲಗಾಕಿ ನಾನು," ಅಂದೆ.

"ಆತು, ಗಾಡಿ ಹಿಂದಕ್ಕ ತಗೊಂಡು ನಿಲ್ಲಸ್ತೀನಿ. ಮೂತಿ ದಕ್ಷಿಣಕ್ಕ ಬರ್ತೈತಿ, ನಿನ್ನ ತಲಿನೂ ದಕ್ಷಿಣಕ್ಕ. ಮತ್ತೇನ?" ಅಂದರು ಮನೆಯವರು.

ಆಗ ನಾನು ಆಡಬಾರದ ಮಾತು ಆಡಿದೆ. "ಈ ವಯಸ್ಸಿನ್ಯಾಗ ಇಷ್ಟುದ್ದದ ಗಾಡಿ ಆ ಬಂಡೆಗಲ್ಲಿನ ನಡುವ ಹಿಂದಕ್ಕ ತಗೊಳ್ಳಾಕ ನಿಮಗ ಆಗಂಗಿಲ್ಲ ಬಿಡ್ರಿ."

ಮಿಸ್ತ್ರಿ ತಲೆ ತಗ್ಗಿಸಿ ಏನೋ ಹುಡುಕುವವರಂತೆ ಆ ಕಡೆ ಹೋದರು. ಮನೆಯವರು ಬಸ್ಸಿನ ಮೇಲಿದ್ದ ಕೈ ತೆಗೆದು ಅಂಗಿಗೆ ಒರೆಸಿಕೊಂಡರು. "ಸಣ್ಣದ ಕಟ್ರಿ," ಅಂದರು. ಮತ್ತೆ ಆ ವಿಷಯ ಎತ್ತಲೇ ಇಲ್ಲ.

ಗಿಡ್ಡ ಗಾಡಿಯಿಂದ ಉಪಯೋಗವೇ ಆಗಲಿಲ್ಲ ಎಂದಲ್ಲ. ಕುಷ್ಟಗಿಯಲ್ಲಿ ಮಗಳ ಓಣಿಯ ಒಳಗೂ ಹೋಗುತ್ತಿತ್ತು. ಇರಕಲ್ಲಗಡದಲ್ಲಿ ನನ್ನ ತವರಿನ ಬಾಗಿಲ ಮುಂದೆಯೇ ನಿಲ್ಲುತ್ತಿತ್ತು. ಮಲಗುವಾಗ ಮಾತ್ರ ಅವರು ಮೊಣಕಾಲು ಮಡಚಿ ಗೋಡೆಗೆ ಆನಿಸಿಕೊಳ್ಳುತ್ತಿದ್ದರು. ಹನುಮನಹಳ್ಳಿಯಲ್ಲಿ ಒಂದು ಮಧ್ಯಾಹ್ನ ಕಿಟಕಿ ತೆಗೆದು ಎರಡೂ ಪಾದ ಹೊರಗೆ ಹಾಕಿ ನಿದ್ದೆ ಹೋದರು. ಹೊಲದ ಮಾಲೀಕರು ಬಂದು, "ಸರ, ಕಾಲಿಗೆ ಬಾಡಿಗಿ ಬ್ಯಾರೆ ಆಗತೈತ್ರಿ," ಅಂದರು.

"ಕಾಲು ನಿಮ್ಮ ಹೊಲದಾಗ ಅದಾವ, ನಾ ಗಾಡ್ಯಾಗ ಅದೀನಿ. ಅವನ್ನ ಕೇಳ್ಕೋರಿ," ಅಂದರು ಮಲಗಿಕೊಂಡೇ.

ನಾನೂ ನಕ್ಕೆ. ಬಿಸಿಲು ಇಳಿದ ಮೇಲೆ ಸೊಳ್ಳೆ ಬರುತ್ತವೆಂದು ಕಿಟಕಿ ಹಾಕಿಸಿದೆ. ಅವರು ಕಾಲು ಒಳಗೆ ಎಳೆದುಕೊಂಡರು.

ಅವರು ಹೋದದ್ದು ಎದೆನೋವಿನಿಂದ. ಕಾಲು ಮಡಚಿ ಮಲಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಎರಡು ಸಲ ಹೇಳಿದರು. ಎರಡು ಸಲವೂ ಕೇಳಿದವಳು ನಾನೇ. ನಮ್ಮಲ್ಲಿ ತೀರಿದವರನ್ನು ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಹಿರಿಯರು ಬಂದು ಕಾಲು ಮಡಚಲು ಹೊರಟಾಗ, "ಒಂದೀಟು ತಡೀರಿ, ಹಂಗ ಮಲಗಿರ್ಲಿ," ಅಂದೆ. ಇನ್ನೂ ಯಾರಾದರೂ ಬರುವವರಿದ್ದಾರೆಂದು ತಿಳಿದು ಅವರು ಕಾದರು. ಯಾರೂ ಬರುವವರಿರಲಿಲ್ಲ. ಆಮೇಲೆ ಮಡಚಿದರು.

ಕಳೆದ ವಾರ ಯಲಬುರ್ಗಾದಿಂದ ಗಂಡ ಹೆಂಡತಿ ಗಾಡಿ ನೋಡಲು ಬಂದಿದ್ದರು. ಇಬ್ಬರೂ ಮೊನ್ನೆ ಮೊನ್ನೆ ನೌಕರಿ ಮುಗಿಸಿದವರು. ಆಕೆಗೆ ಒಲೆ, ಕಪಾಟು ಎಲ್ಲ ಹಿಡಿಸಿತು. ಗಂಡ ಎತ್ತರದ ಮನುಷ್ಯ. ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತು ಮಂಚವನ್ನೇ ನೋಡುತ್ತಿದ್ದರು.

"ಅವರನ್ನ ಒಂದು ಸಲ ಮಲಗಿಸಿ ನೋಡ್ರಿ," ಅಂದೆ.

ಅವರು ನಾಚಿಕೊಂಡು ಮಲಗಿದರು. ಮೊಣಕಾಲು ಎದ್ದು ಗೋಡೆಗೆ ತಾಗಿತು.

"ಹೊಂದ್ಕೋತಾರ ಬಿಡ್ರಿ," ಅಂದಳು ಆಕೆ. "ಉದ್ದಂದು ತಗೊಂಡ್ರ ನಡಸೋರು ಯಾರು?"

ಗಂಡ ಮೊಣಕಾಲನ್ನು ಇನ್ನಷ್ಟು ಮಡಚಿಕೊಂಡರು. ಹಾಗೆ ಮಡಚಿಕೊಳ್ಳುವುದು ನನಗೆ ಗೊತ್ತಿತ್ತು.

"ಇದು ಬ್ಯಾಡ್ರಿ. ಗಂಗಾವತಿಗೆ ಹೋಗಿ ಉದ್ದಂದು ನೋಡ್ರಿ," ಅಂದೆ.

ಮಾರಲು ಕುಳಿತವಳು ಹೀಗೆನ್ನುವುದು ಆಕೆಗೆ ವಿಚಿತ್ರವಾಗಿ ಕಂಡಿರಬೇಕು. "ಮತ್ತ ನೀವ್ಯಾಕ ಸಣ್ಣದ ತಗೊಂಡ್ರಿ ಅಕ್ಕಾರ?"

"ನಮ್ಮ ಮನಿಯವರಿಗೆ ಉದ್ದಂದು ನಡಸಾಕ ಆಗಂಗಿಲ್ಲಂತ ನಾ ಅಂದಿದ್ದೆ."

ಅದನ್ನು ನಾನು ಯಾರಿಗೂ ಹೇಳಿರಲಿಲ್ಲ, ಮಗಳಿಗೂ. ಮಂಚದ ಮೇಲಿದ್ದವರು ಎದ್ದು ಕುಳಿತು ನನ್ನ ಕಡೆ ನೋಡಿದರು. ಹೆಂಡತಿ ಮೆಲ್ಲಗೆ ಕೇಳಿದಳು.

"ಆಗತಿತ್ತೇನ್ರಿ ಅವರಿಗೆ?"

"ಆಗತಿತ್ತು," ಅಂದೆ.