ಧ್ವಜದ ಕಂಬದ ಬಳಿ ನಿಂತುಹೋದ ಬಲೂನು

ಧ್ರುವದ ಗಾಳಿಯ ಪಾಠ ಮಾಡುವ ನಾನು ಕಂಡ ಅತಿ ತಣ್ಣನೆಯ ಗಾಳಿಯೆಂದರೆ ಸೇಡಂನಿಂದ ವಾಡಿಗೆ ಬರುವ ಬೆಳಗಿನ ಬಸ್ಸಿನ ಒಡೆದ ಕಿಟಕಿಯದು. ಆದರೂ ಹೋದ ವರ್ಷ ಒಂಬತ್ತನೇ ತರಗತಿಗೆ ಧೈರ್ಯವಾಗಿ ಹೇಳಿದೆ: ದಕ್ಷಿಣ ಧ್ರುವದ ಬೇಸಿಗೆಯಲ್ಲಿ ಸೂರ್ಯ ಮುಳುಗುವುದಿಲ್ಲ, ಹಾಗಾಗಿ ಬಲೂನಿನೊಳಗಿನ ಅನಿಲ ರಾತ್ರಿಗೆ ತಣಿದು ಕುಗ್ಗುವ ಭಯವಿಲ್ಲ. ಬಹಳ ಎತ್ತರದಲ್ಲಿ ಗಾಳಿ ಗಾಣದ ಎತ್ತಿನಂತೆ ಧ್ರುವವನ್ನು ಸುತ್ತುತ್ತದೆ. ವಿಜ್ಞಾನಿಗಳು ಉಪಕರಣ ಕಟ್ಟಿ ಬಿಟ್ಟ ಬಲೂನು ಅದರ ಜೊತೆ ಸುತ್ತಿ, ಹೊರಟ ಜಾಗದ ಹತ್ತಿರಕ್ಕೇ ಮರಳುತ್ತದೆ.

ಯಾರೂ ನಂಬಲಿಲ್ಲ. ವಾಡಿಯ ರೈಲು ಜಂಕ್ಷನ್ನಿನ ಮಕ್ಕಳು. ಹೋದದ್ದು ತಾನಾಗಿ ವಾಪಸ್ಸು ಬರುತ್ತದೆಂಬ ಭರವಸೆ ಅವರಿಗೆ ಕಡಿಮೆ.

ಅಂಗಳಕ್ಕೆ ಕರೆದೊಯ್ದೆ. ಧ್ವಜದ ಕಂಬ ಧ್ರುವ. ಕೈ ಕೈ ಹಿಡಿದು ಸುತ್ತುವ ಮಕ್ಕಳು ಗಾಳಿ. ಅವರ ನಡುವೆ, ಉಪಕರಣವೆಂದು ಕಂಪಾಸು ಡಬ್ಬಿ ಹಿಡಿದ ಮಹಾದೇವಿ ಬಲೂನು. "ಬಲೂನಿಗೆ ಕಾಲಿಲ್ಲ, ಗಾಳಿ ಒಯ್ದಷ್ಟೇ ದೂರ ಹೋಗಬೇಕು" ಎಂದು ಒತ್ತಿ ಹೇಳಿದೆ.

ವರಾಂಡದಿಂದ ಹೆಡ್ ಮೇಡಂ ಕಮಲಾಬಾಯಿ ಕೂಗಿದರು: "ಬಲೂನ್ ತಿರುಗಿ ಬರ್ಲಿಲ್ಲಂದ್ರ ನಾಳಿಂದ ಈ ಆಟ ಬಂದ್ ಸರ್. ಸುಮ್ಮ ನೋಟ್ಸ್ ಬರಸ್ರಿ."

ಅರ್ಧ ಸುತ್ತಿಗೆ ಬಿಸಿಯೂಟದ ಗಂಟೆ ಹೊಡೆಯಿತು. ಗಾಳಿ ಪೂರ್ತಿ ಅಡುಗೆಮನೆ ಕಡೆ ಓಡಿತು. ಮಹಾದೇವಿ ಮಾತ್ರ ಕಾದ ಶಹಾಬಾದ್ ಕಲ್ಲಿನ ಮೇಲೆ ನಿಂತೇ ಇದ್ದಳು. ಕಲ್ಲು ನಿಜಕ್ಕೂ ಅಷ್ಟು ಕಾದಿತ್ತೆ? ದಿನಚರಿಯಲ್ಲಿ 'ವಿಪರೀತ ಬಿಸಿಲು' ಎಂದಿದೆ. ಆದರೆ ಬರೆದವನೂ ನಾನೇ, ಅಂದು ಬೆವರಿದ್ದವನೂ ನಾನೇ.

"ಬಾರವ್ವ, ಊಟಕ್ಕ ಹೊತ್ತಾತು," ಎಂದೆ.

"ಹ್ಯಾಂಗ ಬರ್ಲಿರಿ ಸರ್? ಗಾಳಿ ಉಣ್ಣಾಕತ್ಯಾದ."

"ನಡಕೊಂತ ಬಾ."

"ಕಾಲಿಲ್ಲಂತ ನೀವ ಹೇಳೀರಿ."

ಮೇಡಂ ಇಳಿದು ಬಂದರು. "ಏ ಹುಡುಗಿ, ಹುಚ್ಚು ಹಿಡದದೇನು?"

"ಬಲೂನ್ ಅದೀನ್ರಿ ಮೇಡಂ."

ನನ್ನ ಪಾಠವನ್ನು ಇಷ್ಟು ಶ್ರದ್ಧೆಯಿಂದ ಯಾರೂ ಕಲಿತಿರಲಿಲ್ಲ. ಆ ಶ್ರದ್ಧೆಯಿಂದಲೇ ಪಾಠ ಮುಳುಗುವುದರಲ್ಲಿತ್ತು. ನಾನೇ ಹೋಗಿ ಎಳೆದು ತಂದರೆ ಅದು ಮಾಸ್ತರನ ಮೋಸ, ಗಾಳಿಯಲ್ಲ.

ಮೇಡಂ ಅವಳನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅವಳ ಕೈ ಹಿಡಿದು, ಕಂಬ ಸುತ್ತತೊಡಗಿದರು. ಹೊರಟ ಜಾಗ ಬಂತು.

"ಬಂತ್ರಿ ಮೇಡಂ! ಬಲೂನ್ ಬಂತು!" ಎಂದು ಕುಣಿದೆ.

ಅವರು ನಿಲ್ಲಲೇ ಇಲ್ಲ. "ಬಾಜೂಕ ಸರೀರಿ ಸರ್. ಗಾಳಿಗೆ ನಿಂದ್ರಂತ ಹೇಳಾಕ ನೀವ್ಯಾರ್ರಿ?"

ಮತ್ತೊಂದು ಸುತ್ತು ಹೊರಟಾಗ ಮೇಡಂ ನಗುತ್ತಿದ್ದರು. ನೋಟ್ಸಿನ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಪಾಠಕ್ಕೆ ಗಾಳಿ ಹಿಡಿದ ಮೇಲೆ ಮಾಸ್ತರನಿಗೆ ಉಳಿಯುವ ಕೆಲಸ ದಾರಿ ಬಿಟ್ಟು ನಿಲ್ಲುವುದು. ಬಿ.ಎಡ್.ನಲ್ಲಿ ಅದನ್ನು ಕಲಿಸಿರಲಿಲ್ಲ. ಅಥವಾ ಕಲಿಸಿದ ದಿನ ನಾನು ಮಾತಾಡುತ್ತಿದ್ದೆ.